ನಾಲ್ಕಕ್ಕೆ ನಿಲ್ಲಿಸಿದವನು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕ್ಲಾಸಿನಲ್ಲಿ ಯಾವುದಾದರೂ ಹುಡುಗಿ ನನ್ನ ಹುಡುಗ ಟೋಬಿನ್ ಹತ್ತಿರ ಪೆನ್ನು ಕೇಳಿದರೂ ಸಾಕು, ಆ ದಿನ ನನಗೆ ಊಟ ಸೇರುವುದಿಲ್ಲ. ಅಂಥದ್ದರಲ್ಲಿ ಡಿಲೇನಿ ಕ್ಯಾನ್ಸಸ್‌ನಿಂದ ಮೂರು ಗಂಟೆ ಕಾರು ಓಡಿಸಿಕೊಂಡು ನಮ್ಮ ಕಾಲೇಜಿನ ಪಂದ್ಯಕ್ಕೆ ಬಂದಳು.

ಡಿಲೇನಿ ಯಾರು ಅಂದರೆ, ಟೋಬಿನ್ ಊರಿನವಳು, ಈಗ ಕ್ಯಾನ್ಸಸ್‌ನಲ್ಲಿ ಓದುತ್ತಾಳೆ. ನೆಬ್ರಾಸ್ಕಾದ ಆ ಮೂರು ಬೀದಿಯ ಊರಿನಲ್ಲಿ ಇಬ್ಬರೂ ಒಟ್ಟಿಗೆ ಬೆಳೆದವರು, ಹೈಸ್ಕೂಲಿನ ಕೊನೆಯ ಡ್ಯಾನ್ಸಿಗೆ ಕೈ ಹಿಡಿದುಕೊಂಡು ಹೋದವರು. ಫೋಟೋ ನೋಡಿದ್ದೇನೆ. ಎಷ್ಟು ಸಲ ಅಂತ ಕೇಳಬೇಡಿ.

ಟೋಬಿನ್ ಹ್ರುಸ್ಕಾ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ಎರಡನೆಯ ಕ್ವಾರ್ಟರ್‌ಬ್ಯಾಕ್. ಎರಡನೆಯವನು ಅಂದರೆ, ಚೆಂಡು ಎಸೆಯುವ ಮೊದಲನೆಯವನು ಬ್ರೆಂಟ್‌ಗೆ ಪೆಟ್ಟಾದರೆ ಮಾತ್ರ ಬೇಕಾಗುವವನು. ಉಳಿದಂತೆ ಪಂದ್ಯ ಗೆದ್ದಾಗಿದೆ ಅನ್ನುವ ಹೊತ್ತಿಗೆ ಕೊನೆಯ ಎರಡು ನಿಮಿಷ ಅವನಿಗೆ ಸಿಗುತ್ತಿತ್ತು, ಅಷ್ಟೆ. ಮೂರು ವರ್ಷದಿಂದ ತಲೆಗೆ ಟೋಪಿ ಹಾಕಿಕೊಂಡು, ಗೆರೆಯಾಚೆ ನಿಂತು, ಕೋಚ್ ಹೇಳಿದ ಮುಂದಿನ ಆಟವನ್ನು ಬ್ರೆಂಟ್‌ಗೆ ಕೈಸನ್ನೆಯಲ್ಲಿ ತಿಳಿಸುವುದೇ ಅವನ ಕೆಲಸ.

ನಾನು ಬ್ಯಾಂಡಿನಲ್ಲಿ ಟ್ರಾಂಬೋನ್ ಊದುವವಳು. ನಮ್ಮ ಸಾಲು ಮೈದಾನದ ತುದಿಯಲ್ಲಿತ್ತು. ಅಲ್ಲಿ ಕೂತು ನಾನು ಆಟ ನೋಡಿದ್ದು ಕಡಿಮೆ, ಅವನ ಕಿವಿ ನೋಡಿದ್ದೇ ಹೆಚ್ಚು. ಟೋಪಿ ಹಾಕಿದಾಗ ಎರಡೂ ಕಿವಿ ಹೊರಗೆ ಬಾಗಿ ನಿಲ್ಲುತ್ತವೆ, ಬೆಳಿಗ್ಗೆಯ ಬಿಸಿಲು ಬಿದ್ದರೆ ಕೆಂಪಗೆ ಕಾಣುತ್ತವೆ. ಪ್ರತಿ ಪಂದ್ಯ ಶುರುವಾಗುವ ಮುಂಚೆ ಅವನು ಬಲಗಿವಿಯನ್ನು ಎರಡು ಸಲ ಎಳೆದುಕೊಂಡು ನನ್ನತ್ತ ನೋಡುತ್ತಿದ್ದ. ಅದು ಯಾವ ಆಟದ ಸನ್ನೆಯೂ ಅಲ್ಲ, ನನ್ನದು. ಎದುರು ತಂಡದವರು ಅದನ್ನೂ ಬರೆದುಕೊಂಡು ಅರ್ಥ ಹುಡುಕುತ್ತಿದ್ದರೋ ಏನೋ, ಪಾಪ.

ಐದನೆಯ ಪಂದ್ಯ, ಶನಿವಾರ. ನಾವು ಗೆದ್ದಂತೆಯೇ ಇತ್ತು. ಆಗ ಡಿಲೇನಿ ಮೈದಾನದಂಚಿನ ಕಟಕಟೆಯವರೆಗೆ ಇಳಿದು ಬಂದಳು, ಕೈಯಲ್ಲಿ ಟೋಬಿನ್ ಅಮ್ಮ ಕಳಿಸಿದ ಕೊಲಾಚೆ ಅನ್ನುವ ಸಿಹಿ ಬನ್ನಿನ ಡಬ್ಬ. ಏನೋ ಅಂದಳು, ಅವನು ನಕ್ಕ. ಮತ್ತೇನೋ ಅಂದಳು, ಅವನು ತಲೆಯಾಡಿಸಿದ. ಅವಳು ಕೈ ಚಾಚಿ ಅವನ ಬಲಗಿವಿ ಹಿಡಿದು ಹಿಂಡಿದಳು. ನನ್ನ ಕಿವಿಯನ್ನು.

ಇನ್ನೂ ಒಂದು ನಿಮಿಷದ ಆಟ ಬಾಕಿಯಿತ್ತು. ನಾನು ಟ್ರಾಂಬೋನ್ ಎತ್ತಿಕೊಂಡು ಮೆಟ್ಟಿಲಿಳಿದು ಹೊರಟುಹೋದೆ. ಬ್ಯಾಂಡ್ ಮೇಷ್ಟ್ರು ಕೂಗಿ ಬೈದದ್ದು ಗೇಟಿನವರೆಗೂ ಕೇಳಿಸಿತು. ಅವತ್ತೂ ಮರುದಿನವೂ ಟೋಬಿನ್ ಫೋನ್ ಮಾಡುತ್ತಲೇ ಇದ್ದ, ನಾನು ಎತ್ತಲಿಲ್ಲ.

ಸೋಮವಾರ ನನ್ನ ರೂಮ್‌ಮೇಟ್ ಬಂದು ಸುದ್ದಿ ಹೇಳಿದಳು, ಟೋಬಿನ್ ತಂಡ ಬಿಟ್ಟನಂತೆ. ಸೀಸನ್ನಿನ ನಟ್ಟನಡುವೆ.

ಯಾಕೆ ಅಂತ ನಾನು ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ? ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ ಒಂದಿದೆ. ನಾಲ್ಕು ಪಂದ್ಯದವರೆಗೆ ಆಡಿ ನಿಲ್ಲಿಸಿದರೆ ಆಟಗಾರನಿಗೆ ಆ ವರ್ಷ ಉಳಿಯುತ್ತದೆ, ಬೇರೆ ಕಾಲೇಜಿಗೆ ಹೋಗಿ ಆ ವರ್ಷವನ್ನು ಅಲ್ಲಿ ಆಡಬಹುದು. ಐದನೆಯದರಲ್ಲಿ ಒಂದು ಕ್ಷಣ ಮೈದಾನಕ್ಕಿಳಿದರೂ ವರ್ಷ ಹೋಯಿತು, ಟೋಬಿನ್‌ಗೆ ಉಳಿದಿದ್ದದ್ದು ಇದೊಂದೇ ವರ್ಷ. ನಡುವೆ ತಂಡ ಬಿಡುವವರೆಲ್ಲ ಎಣಿಸಿಯೇ ಬಿಡುತ್ತಾರೆ. ಮೊದಲ ನಾಲ್ಕು ಪಂದ್ಯದಲ್ಲಿ ಟೋಬಿನ್‌ಗೆ ಆ ಎರಡೆರಡು ನಿಮಿಷ ಸಿಕ್ಕಿತ್ತು. ಐದನೆಯದರಲ್ಲಿ ನಾನು ನೋಡಿದಷ್ಟು ಹೊತ್ತೂ ಟೋಪಿ ಹಾಕಿಕೊಂಡೇ ನಿಂತಿದ್ದ. ನಾಲ್ಕಕ್ಕೆ ನಿಲ್ಲಿಸಿದ. ಡಿಲೇನಿ ಓದುತ್ತಿದ್ದ ಕಾಲೇಜಿಗೇ ಹೊರಟಿದ್ದಾನೆ. ಅವನ ಸ್ವೆಟರನ್ನು ಕಸದ ಬುಟ್ಟಿಗೆ ಹಾಕಿದೆ. ಮತ್ತೆ ತೆಗೆದು ಹಾಕಿಕೊಂಡು ಮಲಗಿದೆ.

ಗುರುವಾರ ಅವನು ಹೆಲ್ಮೆಟ್ ವಾಪಸ್ ಕೊಡಲು ಬರುತ್ತಾನೆ ಅಂತ ತಿಳಿಯಿತು. ಸ್ಟೇಡಿಯಂ ಹಿಂದಿನ ಬಾಗಿಲಲ್ಲಿ ಕಾದು ನಿಂತೆ. ನಾಲ್ಕು ದಿನದಿಂದ ಬಾಯಿಪಾಠ ಮಾಡಿಟ್ಟ ಬೈಗುಳವಿತ್ತು. ಅವನು ಹಳೆಯ ಶೂ ಒಂದನ್ನು ಕಂಕುಳಲ್ಲಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಹೊರಬಂದ. ಟೋಪಿ ಇರಲಿಲ್ಲ. ಎಲ್ಲ ಮರೆತುಹೋಯಿತು.

"ಯಾವಾಗ ಹೊರಡ್ತೀಯ?" ಅಂದೆ.

"ಎಲ್ಲಿಗೆ?"

"ಕ್ಯಾನ್ಸಸ್‌ಗೆ. ನಾಲ್ಕಕ್ಕೆ ನಿಲ್ಲಿಸಿದೀಯಲ್ಲ, ನಂಗೂ ಎಣಿಸೋಕೆ ಬರುತ್ತೆ."

ಅವನು ನನ್ನನ್ನೇ ನೋಡಿದ. ಆಮೇಲೆ ಮೆಲ್ಲಗೆ, "ಐದು," ಅಂದ.

"ನಾಲ್ಕು."

"ಐದು ಕಣೇ. ಶನಿವಾರ ಕೊನೇಲಿ ಚೆಂಡು ಹಿಡಿದು ಮಂಡಿಯೂರಿದ್ದು ನಾನು."

ಗೆಲುವು ಖಚಿತವಾದ ಮೇಲೆ ಹಾಗೆ ಮಾಡುತ್ತಾರೆ. ಚೆಂಡು ಕೈಗೆ ಬಂದ ಕೂಡಲೇ ಮಂಡಿಯೂರಿಬಿಟ್ಟರೆ ಆಯಿತು, ಗಡಿಯಾರ ತಾನಾಗಿ ಓಡಿ ಪಂದ್ಯ ಮುಗಿಯುತ್ತದೆ. ಅದನ್ನು ಯಾರೂ ನೋಡುವುದಿಲ್ಲ, ಎಲ್ಲರೂ ಕಾರಿನ ಕೀಲಿ ಹುಡುಕುತ್ತಿರುತ್ತಾರೆ. ನಾನಂತೂ ಅಷ್ಟು ಹೊತ್ತಿಗೆ ಗೇಟು ದಾಟಿದ್ದೆ.

ಅವನು ಎಲ್ಲ ಹೇಳಿದ. ಡಿಲೇನಿ ಬಂದದ್ದೇ ಕರೆಯಲಿಕ್ಕೆ. ಅವಳ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಜಾಗ ಖಾಲಿಯಿದೆಯಂತೆ. ನಾಲ್ಕಕ್ಕೆ ನಿಲ್ಲಿಸಿ ಬಾ, ಅಲ್ಲಿ ನೀನೇ ಮೊದಲನೆಯವನು ಅಂದಳಂತೆ. ಇವನು ಒಲ್ಲೆ ಅಂದಾಗ, ಇಲ್ಲಿ ನಿನಗೆ ಅಂಥಾದ್ದೇನಿದೆ ಅಂತ ಕಿವಿ ಹಿಂಡಿದಳಂತೆ. ಆಗ ಇವನು ನೇರ ಕೋಚ್ ಹತ್ತಿರ ಹೋಗಿ ಆ ಒಂದು ಮಂಡಿಯೂರುವ ಅವಕಾಶ ನನಗೆ ಕೊಡಿ ಎಂದು ಕೇಳಿದ. ವರ್ಷ ಹಾಳಾಗುತ್ತಲ್ಲೋ ಅಂದರಂತೆ ಕೋಚ್. ಆಗಲಿ ಅಂದನಂತೆ ಇವನು. ದಾರಿ ತೆರೆದಿದ್ದರೆ ಎಂದಾದರೂ ಮನಸ್ಸು ಚಂಚಲವಾದೀತು, ಅದಕ್ಕೇ ಮುಚ್ಚಿಬಿಟ್ಟೆ ಅಂದ.

"ಎದ್ದು ನಿನ್ನ ಕಡೆ ತಿರುಗಿ ಕಿವಿ ಎಳ್ಕೊಂಡೆ," ಅಂದ. "ಸಾಲಲ್ಲಿ ನಿನ್ನ ಜಾಗ ಖಾಲಿ ಇತ್ತು."

ಹಾಗಾದರೆ ತಂಡ ಯಾಕೆ ಬಿಟ್ಟೆ ಎಂದು ಕೇಳಿದೆ.

ಅವನು ಶೂಗಳ ಲೇಸನ್ನು ಒಂದಕ್ಕೊಂದು ಗಂಟು ಹಾಕುತ್ತಾ ನಿಂತ. "ಶನಿವಾರ ಆಟದ ಮೂರನೇ ಭಾಗದಲ್ಲಿ ಬ್ರೆಂಟ್ ಬಿದ್ದನಲ್ಲ, ಕಾಲು ಹಿಡ್ಕೊಂಡು. ನಂಗೆ ಖುಷಿಯಾಯ್ತು, ಗ್ರೆಟಾ. ಕೈ ಆಗಲೇ ಹೆಲ್ಮೆಟ್ ಎತ್ಕೊಂಡಿತ್ತು. ಅವನು ಎದ್ದು ಕುಂಟ್ಕೊಂಡು ನಡೆದಾಗ ಬೇಜಾರಾಯ್ತು. ಚಳಿಜ್ವರ ಬಂದಾಗ ನಂಗೆ ಗಂಜಿ ಕುಡಿಸಿದವನು ಅವನು. ಇನ್ನೊಂದು ಶನಿವಾರ ಅಲ್ಲಿ ನಿಂತು ಅವನ ಕಾಲು ಮುರೀಲಿ ಅಂತ ಕಾಯೋಕೆ ನನ್ನ ಕೈಲಾಗಲ್ಲ."

ಇದನ್ನು ಬೇರೆ ಯಾರಿಗೆ ಹೇಳಿದ್ದರೂ ಛೀ ಅನ್ನುತ್ತಿದ್ದರು. ನನಗೆ ಮಾತ್ರ ಅವನು ಎಂದಿಗಿಂತ ಹತ್ತಿರದವನಾಗಿ ಕಂಡ. ಶನಿವಾರ ಡಿಲೇನಿ ಹೊರಟಾಗ ಅವಳ ಕಾರಿನ ನಾಲ್ಕೂ ಚಕ್ರ ದಾರಿಯಲ್ಲಿ ಪಂಕ್ಚರ್ ಆಗಲಿ ಅಂತ ಬೇಡಿಕೊಂಡಿದ್ದೆ ಎಂದು ಒಪ್ಪಿಕೊಂಡೆ.

"ಒಂದಾಯ್ತಂತೆ," ಅಂದ ಅವನು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನಗು ನಿಂತ ಮೇಲೂ ನನ್ನ ಹೊಟ್ಟೆಯೊಳಗಿನದು ಪೂರ್ತಿ ಆರಿರಲಿಲ್ಲ. "ನೀನು ಮಂಡಿಯೂರಿದ್ದನ್ನ ಅವಳು ನೋಡಿದ್ಲಾ?"

"ನೋಡಿದ್ಲು. ಅದಕ್ಕೇ ಸಿಟ್ಟು ಮಾಡ್ಕೊಂಡು ಹೋದ್ಲು."

"ಎಷ್ಟು ಹೊತ್ತು ಊರಿದ್ದೆ?"

"ಎರಡು ಸೆಕೆಂಡು ಇರಬಹುದು."

"ನಂಗೂ ಬೇಕು. ಅವಳಿಗಿಂತ ಜಾಸ್ತಿ ಹೊತ್ತು."

ಅವನು ನನ್ನ ಕೈ ಹಿಡಿದು ಬಾಗಿಲು ದಾಟಿ ಮೈದಾನಕ್ಕೆ ಕರೆದುಕೊಂಡು ಹೋದ. ಶನಿವಾರಕ್ಕೆಂದು ಆಗಷ್ಟೇ ಬಿಳಿ ಗೆರೆ ಬಳಿದಿದ್ದರು, ಆ ತುದಿಯಲ್ಲಿ ಮುದುಕನೊಬ್ಬ ಬಣ್ಣದ ಗಾಡಿ ತಳ್ಳುತ್ತಿದ್ದ. ಟ್ರಾಂಬೋನ್ ಸಾಲಿನ ಎದುರಿಗೆ ಬಂದು, ನನ್ನ ಖಾಲಿ ಜಾಗವನ್ನೊಮ್ಮೆ ನೋಡಿ, ಶೂ ಜೋಡಿಯನ್ನು ಚೆಂಡಿನಂತೆ ಎದೆಗವಚಿಕೊಂಡು ನನ್ನ ಮುಂದೆ ಮಂಡಿಯೂರಿದ. ಹಸಿ ಗೆರೆಯ ಮೇಲೆಯೇ ಊರಿದ್ದ, ಪ್ಯಾಂಟಿಗೆ ಬಿಳಿ ಬಣ್ಣ ಹತ್ತಿತು. ಮುದುಕ ಅಲ್ಲಿಂದಲೇ ಬೈದ.

"ಏಳಲಾ?" ಅಂದ ಟೋಬಿನ್.

ನಾನು ಬಗ್ಗಿ ಅವನ ಬಲಗಿವಿಯನ್ನು ಹಿಡಿದು ಎರಡು ಸಲ ಎಳೆದೆ. ಇನ್ನು ಯಾರಾದರೂ ಇದನ್ನು ಮುಟ್ಟಿದರೆ ನೋಡು ಅಂದೆ. ಅವನು ಏಳಲಿಲ್ಲ, ನಾನೂ ಏಳು ಅನ್ನಲಿಲ್ಲ.