ಹಳದಿ ಕ್ಯಾನಿನ ಹಸಿರು ಮೊಸರು

ಇದು ನಡೆದದ್ದೇ. ನಾನು ಸೇರಿಸಿದ್ದು ಒಂದಿಷ್ಟು ಉಪ್ಪು ಮಾತ್ರ, ಅದೂ ನಿಕ್ಕಲ್ಲಿನ ಉಪ್ಪು.

ಪುತ್ತೂರಿನ ಕಾಲೇಜೊಂದರ ರಸಾಯನ ಪ್ರಯೋಗಾಲಯವನ್ನು ಮೂವತ್ತು ವರ್ಷ ನೋಡಿಕೊಂಡು ನಿವೃತ್ತರಾದ ದೇವಮ್ಮಕ್ಕನಿಗೆ ಎರಡು ಹವ್ಯಾಸ: ಊರವರ ಕಗ್ಗಂಟು ಬಿಡಿಸುವುದು, ನನ್ನ ಮಿಮಿಕ್ರಿಗೆ ಬೈಯುವುದು. ಆ ಮಧ್ಯಾಹ್ನ ನಾನು ಅವರದ್ದೇ ಕೆಮ್ಮನ್ನು ಅವರಿಗೆ ಕೇಳಿಸುತ್ತಿದ್ದಾಗ ಮೋಕ್ಷಿತಾ ಸ್ಕೂಟರಿನಲ್ಲಿ ಬಂದಳು.

“ದೇವಮ್ಮಕ್ಕ, ಸಂಜೆಯೊಳಗೆ ನನ್ನ ಕೆಲಸ ಹೋಗ್ತದೆ.”

ನರಿಮೊಗರಿನಲ್ಲಿ ಉದಯಶಂಕರರ ಸಣ್ಣ ಶೆಡ್ಡಿಗೆ ಅವಳೇ ಕೆಮಿಸ್ಟ್. ಹಳೆಯ ಬ್ಯಾಟರಿಯ ಪುಡಿಯನ್ನು ಗಂಧಕಾಮ್ಲದಲ್ಲಿ ಕರಗಿಸಿ, ಸೀಮೆಎಣ್ಣೆಯಂಥ ದ್ರವದ ಜೊತೆ ಕುಲುಕಿ ಬಿಟ್ಟರೆ ಕೋಬಾಲ್ಟ್ ಮೇಲಿನ ಎಣ್ಣೆಗೆ ಏರಿ ನೀಲಿಯಾಗುತ್ತದೆ. ನಿಕ್ಕಲ್ ಕೆಳಗಿನ ನೀರಿನಲ್ಲಿ ಹಸಿರಾಗಿ ಉಳಿಯುತ್ತದೆ. ಆ ಹಸಿರು ನೀರು ಇಪ್ಪತ್ತು ಲೀಟರ್, ಹೊಸ ಕಾರು ಬ್ಯಾಟರಿ ಮಾಡುವ ಕಂಪನಿಗೆ ಅಂದೇ ಬಸ್ಸಿನಲ್ಲಿ ಹೋಗಬೇಕಿತ್ತು. ಅದನ್ನು ತುಂಬಿಸಿದ ಹಳದಿ ಕ್ಯಾನು ತೆರೆದರೆ ಒಳಗೆ ನೀರೆಲ್ಲ ಒಡೆದು ಹಸಿರು ಮೊಸರು.

“ನಾನು ಕಾಸ್ಟಿಕ್ ಸೋಡಾ ಜಾಸ್ತಿ ಹಾಕಿ ಒಡೆದದ್ದು ಅಂತಾರೆ ಉದಯಣ್ಣ. ನಿನ್ನೆ ಸಂಜೆ ಎಣ್ಣೆ ವಾಸನೆ ಹೋಗಲಿ ಅಂತ ಹಿಂದಿನ ಜಗಲಿಯಲ್ಲಿಟ್ಟೆ. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ತಂದೆ, ಅಷ್ಟೇ.”

“ತರುವಾಗ ಮುಚ್ಚಳ ತೆಗೆದಿದ್ದೆಯಾ?”

“ಇಲ್ಲ. ತೆಗೆದದ್ದು ಮಧ್ಯಾಹ್ನವೇ.”

ಶೆಡ್ಡಿನಲ್ಲಿ ಉದಯಶಂಕರರು ಅಡ್ಡಾಡುತ್ತಿದ್ದರು. ದೇವಮ್ಮಕ್ಕ ಗಾಜಿನ ನಳಿಕೆಗೆ ಚೂರು ಮೊಸರು ಹಾಕಿ ಗಂಧಕಾಮ್ಲದ ಹನಿ ಬಿಟ್ಟರು. ಹಸಿರು ಕರಗಿತು. ತಳದಲ್ಲಿ ಬಿಳಿ ಹುಡಿ ಉಳಿಯಿತು.

“ಇಲ್ಲಿ ಸುಣ್ಣ ಉಂಟಾ?”

“ಸುಣ್ಣ ನಾವು ಬಳಸುದೇ ಇಲ್ಲ,” ಎಂದಳು ಮೋಕ್ಷಿತಾ.

ಹಿಂದಿನ ಜಗಲಿಯಲ್ಲಿ ಅಂಥದ್ದೇ ಇನ್ನೊಂದು ಹಳದಿ ಕ್ಯಾನಿತ್ತು. ಹೊರಗಿನಿಂದ ಒಳಗಿನ ನೀರು ಹಸಿರು, ಮುಚ್ಚಳ ತೆಗೆದರೆ ತಿಳಿನೀಲಿ ಮೈಲುತುತ್ತು, ಸುಣ್ಣ ಬೆರೆಸಿ ಅಡಿಕೆ ಮರಕ್ಕೆ ಸಿಂಪಡಿಸುವ ತಾಮ್ರದ ಮದ್ದಿನದ್ದು. ಕಟ್ಟೆಯ ಮೇಲೆ ಒಂದು ಕಬ್ಬಿಣದ ಕತ್ತಿ, ತುದಿಯಲ್ಲಿ ಒಣಗಿದ ಹಸಿರು ಮೊಸರು.

“ಅಡಿಕೆಗೆ ಮದ್ದು ಬಿಡ್ಲಿಕ್ಕೆ ಯಾರು?” ಎಂದರು ದೇವಮ್ಮಕ್ಕ.

“ಚೆನ್ನಕೇಶವ. ಹತ್ತಕ್ಕೆ ಬರ್ತೇನೆ ಅಂದವ ಇನ್ನೂ ಪತ್ತೆಯಿಲ್ಲ,” ಎಂದರು ಉದಯಶಂಕರರು. “ಅದಕ್ಕೂ ಇದಕ್ಕೂ ಎಂತ ಸಂಬಂಧ?”

“ನೇರ ಕೇಳಿದ್ರೆ ಒಪ್ಲಿಕ್ಕಿಲ್ಲ,” ಎಂದು ದೇವಮ್ಮಕ್ಕ ನನ್ನ ಕಿವಿಯಲ್ಲಿ ನಾಲ್ಕು ಮಾತು ಹೇಳಿದರು. ಚೆನ್ನಕೇಶವ ನಮ್ಮ ತೋಟಕ್ಕೂ ಮದ್ದು ಬಿಡುವವ. ಅವನ ಮೂಗಿನ ಸ್ವರ ನನಗೆ ಬಾಯಿಪಾಠ. ನಾನು ಫೋನು ಹಿಡಿದು ಗೇಟಿನ ಹೊರಗೆ ಹೋದೆ. ಒಳಗೆ ದೇವಮ್ಮಕ್ಕ ಇಬ್ಬರನ್ನೂ ಕೂರಿಸಿದರು. ಫೋನು ರಿಂಗಾಯಿತು. ಉದಯಶಂಕರರದ್ದು ಯಾವಾಗಲೂ ಸ್ಪೀಕರ್.

“ಉದಯಣ್ಣ, ಚೆನ್ನಕೇಶವ ಮಾತಾಡುದು, ಬೇರೆಯವರ ಫೋನಿನಿಂದ. ಮದ್ದು ಬೆರೆಸಿ ಆಗಿದೆಯಾ? ಇಲ್ಲದಿದ್ರೆ ನಾನು ನಾಳೆ ಬರುದು.”

“ಎಂತ ಮಾರಾಯ, ಬೆಳಿಗ್ಗೆ ಏಳಕ್ಕೇ ನಾನೇ ಸುಣ್ಣದ ಹಾಲು ಹೊಯ್ದು ಇಟ್ಟಿದ್ದೇನೆ. ಕತ್ತಿ ಅದ್ದಿ ಸಹ ನೋಡಿದೆ, ಚೂರೂ ಕೆಂಪು ಹಿಡೀಲಿಲ್ಲ. ಫಸ್ಟ್ ಕ್ಲಾಸ್ ಮದ್ದು.”

“ಆ ಮದ್ದು ಎಲ್ಲಿ ಉಂಟು?” ಎಂದು ಕೇಳಿದರು ದೇವಮ್ಮಕ್ಕ.

“ಹಿಂದಿನ ಜಗಲಿಯಲ್ಲಿ, ಹಳದಿ ಕ್ಯಾನಿನಲ್ಲಿ.”

“ಮುಚ್ಚಳ ತೆಗೆದು ನೋಡಿ ಬನ್ನಿ.”

ನಾನು ಒಳಗೆ ಬರುವಾಗ ಉದಯಶಂಕರರು ಜಗಲಿಯಿಂದ ಮೆಲ್ಲಗೆ ವಾಪಸಾಗುತ್ತಿದ್ದರು.

“ನೀಲಿ,” ಎಂದರು. “ಸುಣ್ಣ ಮುಟ್ಟಿಯೇ ಇಲ್ಲ.”

“ಸೋಡಾದಿಂದ ಒಡೆದಿದ್ರೆ ಆಸಿಡ್ಡಿಗೆ ಪೂರ್ತಿ ಕರಗ್ತಿತ್ತು,” ಎಂದರು ದೇವಮ್ಮಕ್ಕ. “ಬಿಳಿ ಹುಡಿ ಉಳಿದದ್ದು ಸುಣ್ಣದಿಂದ, ಅದು ಗಂಧಕಾಮ್ಲಕ್ಕೆ ಜಿಪ್ಸಮ್ ಆಗಿ ಕೂರುದು. ಶೆಡ್ಡಿನಲ್ಲಿ ಸುಣ್ಣ ಇಲ್ಲ, ಇರುದು ಮದ್ದಿಗೆ. ಮೈಲುತುತ್ತು ಹಾಗೇ ಉಂಟು, ಅಂದ್ರೆ ಸುಣ್ಣ ಬಿದ್ದದ್ದು ಪಕ್ಕದ ಕ್ಯಾನಿಗೆ. ಹಳದಿ ಪ್ಲಾಸ್ಟಿಕ್ಕಿನಲ್ಲಿ ನೀಲಿಯೂ ಹಸಿರೇ ಕಾಣುದು. ಕತ್ತಿ ಅದ್ದಿ ನೋಡುದು ಮದ್ದು ಬೆರೆಸಿದವ ಮಾತ್ರ. ಚೆನ್ನಕೇಶವ ಬರ್ಲಿಲ್ಲ, ಮೋಕ್ಷಿತಾ ಕತ್ತಿ ಹಿಡಿಯುದು ತರಕಾರಿಗೆ.”

“ಮತ್ತೆ ಕೆಂಪು ಯಾಕೆ ಹಿಡೀಲಿಲ್ಲ?”

“ಕತ್ತಿಗೆ ಕೆಂಪಾಗಿ ಹಿಡಿಯುದು ಸುಣ್ಣ ಸಾಲದೆ ಉಳಿದ ತಾಮ್ರ. ನಿಕ್ಕಲ್ಲಿನಲ್ಲಿ ತಾಮ್ರ ಎಲ್ಲಿಂದ ಬರ್ಬೇಕು? ನಿಮ್ಮ ಪರೀಕ್ಷೆ ಸರಿ ಉಂಟು ಉದಯಣ್ಣ, ಕ್ಯಾನು ತಪ್ಪು.”

“ನಿಕ್ಕಲ್ ಎಲ್ಲಿಗೂ ಹೋಗಿಲ್ಲ,” ಎಂದಳು ಮೋಕ್ಷಿತಾ. “ಆಸಿಡ್ಡಿನಲ್ಲಿ ಕರಗಿಸಿ, ಸೋಸಿ, ಮತ್ತೆ ಎಣ್ಣೆಯಲ್ಲಿ ಕುಲುಕ್ತೇನೆ. ಎರಡು ದಿನ ಬೇಕು.”

ಉದಯಶಂಕರರು ಕಂಪನಿಗೆ ಫೋನು ಮಾಡಿದರು, ಸ್ಪೀಕರಿನಲ್ಲೇ. “ಎರಡು ದಿನ ತಡ ಆಗ್ತದೆ ಸಾರ್. ತಪ್ಪು ನನ್ನದು, ನಮ್ಮ ಕೆಮಿಸ್ಟಿನದ್ದಲ್ಲ.” ಆ ಕಡೆಯಿಂದ ಒಪ್ಪಿಗೆ ಬಂತು. ಮೋಕ್ಷಿತಾ ಆಗ ಕುರ್ಚಿಗೆ ಒರಗಿದಳು.

“ಉದಯಣ್ಣ, ಹಾಗಾದ್ರೆ ನಾನು ನಾಳೆ ಬರ್ಲಾ?” ಎಂದೆ, ಚೆನ್ನಕೇಶವನ ಮೂಗಿನಲ್ಲಿ.

ಅವರು ಫೋನು ನೋಡಿದರು, ನನ್ನನ್ನು ನೋಡಿದರು.

“ನನ್ನ ಸ್ವರ ಬರ್ತದಾ ನಿಂಗೆ?”

“ಚೂರೂ ಕೆಂಪು ಹಿಡೀಲಿಲ್ಲ,” ಎಂದೆ ಅವರದ್ದೇ ಗತ್ತಿನಲ್ಲಿ. “ಫಸ್ಟ್ ಕ್ಲಾಸ್ ಮದ್ದು.”

ದೇವಮ್ಮಕ್ಕ ಕೆಮ್ಮಿನ ಮರೆಯಲ್ಲಿ ನಕ್ಕರು, ಮೋಕ್ಷಿತಾ ಸೆರಗಿನ ಮರೆಯಲ್ಲಿ. ಶೆಡ್ಡಿನ ತಗಡು ನಡುಗುವಂತೆ ನಕ್ಕವರು ಉದಯಶಂಕರರು.