ನಾಲ್ಕು ಹೊತ್ತಿನ ಫೀಡು

ಗಂಗಾರಾಮನ ಮೀನಿನ ಹೊಂಡದ ನೀರು ಬಸಿದು ಪಕ್ಕದ ಮುರಗೆಪ್ಪನ ದ್ರಾಕ್ಷಿ ಬಳ್ಳಿಗಳ ಬೇರು ಕೊಳೆಯುತ್ತಿತ್ತು. ಒಂದೊಂದೇ ಸಾಲು ಹಳದಿಯಾಗಿ ಒಣಗುತ್ತಿತ್ತು. ಹೊಂಡ ಮುಚ್ಚು ಎಂದು ಹೇಳಿ ಹೇಳಿ ಮುರಗೆಪ್ಪನ ಬಾಯಿ ಸೋತಿತ್ತು. ಕಡೆಯ ಸಲ ಕೇಳಿದಾಗ ಗಂಗಾರಾಮ ನಕ್ಕುಬಿಟ್ಟ.

“ದ್ರಾಕ್ಷಿ ಕಿತ್ತ ಹಾಕ್ರಿ ಸಾವಕಾರ್ರ. ನೀವೂ ಮೀನ ಸಾಕ್ರಿ.”

ಬಳ್ಳಿ ಸತ್ತದ್ದಕ್ಕಿಂತ ಆ ನಗುವೇ ಮುರಗೆಪ್ಪನ ಹೊಟ್ಟೆಗೆ ಬೆಂಕಿ ಹಾಕಿತು. ಅಪ್ಪ ಹಚ್ಚಿದ ತೋಟ ಇವನ ಮೀನಿಗಾಗಿ ಸಾಯಬೇಕೇ? ಸಾಯುವುದಾದರೆ ಇವನೇ ಸಾಯಲಿ.

ಮುರಗೆಪ್ಪ ಅವಸರದ ಆಸಾಮಿಯಲ್ಲ. ತೋಟದ ಶೆಡ್ಡಿನಲ್ಲಿ ಕೂತು ಗಂಗಾರಾಮನ ದಿನಚರಿ ಬಾಯಿಪಾಠ ಮಾಡಿದ. ಮೊದಲೆಲ್ಲ ಆ ಮನುಷ್ಯ ಬೆಳಿಗ್ಗೆ ಒಮ್ಮೆಗೇ ಮೀನಿನ ಫೀಡು ಸುರಿದು ಕೈತೊಳೆದುಕೊಳ್ಳುತ್ತಿದ್ದ. ಅರ್ಧ ತಳ ಸೇರಿ ಕೊಳೆತು ನೀರು ನಾರುತ್ತಿತ್ತು, ಮೀನು ಬೆರಳುದ್ದ ದಾಟುತ್ತಿರಲಿಲ್ಲ. ತರಬೇತಿಗೆ ಹೋಗಿಬಂದ ಮೇಲೆ ಅಷ್ಟೇ ಫೀಡನ್ನು ನಾಲ್ಕು ಹೊತ್ತಿಗೆ ಹಂಚಿ ಹಾಕತೊಡಗಿದ. ಮೀನು ಮೊಳದುದ್ದ ಬೆಳೆದವು. ಇದು ಮುರಗೆಪ್ಪನಿಗೆ ಅನುಕೂಲವೇ ಆಯಿತು. ದಿನಕ್ಕೆ ನಾಲ್ಕು ಸಲ ಜಾರುವ ದಂಡೆಗೆ ಇಳಿಯುವ, ಈಜು ಬಾರದ ಮನುಷ್ಯ ಒಂದು ಸಲ ಜಾರಿ ಬಿದ್ದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ದಿನವನ್ನೂ ಯೋಚಿಸಿಯೇ ಆರಿಸಿದ. ಪ್ರತಿ ಸೋಮವಾರ ಬೆಳಿಗ್ಗೆ ತಾನು ಐನಾಪುರಕ್ಕೆ ಹೋಗಿ ಔಷಧದ ಅಂಗಡಿಯಲ್ಲಿ ಸಂಜೆಯ ತನಕ ಹರಟುವುದು ಊರಿಗೇ ಗೊತ್ತು. ಆ ಸೋಮವಾರವೂ ಹೊರಟ, ಆದರೆ ಹೊಂಡದ ದಾರಿ ಹಿಡಿದ. ದಂಡೆಯ ಮೇಲೆ ಬಲೆ ಹೊಲಿಯುತ್ತಿದ್ದ ಗಂಗಾರಾಮ, ಕೂಡ್ರಿ ಎಂದು ಸರಿದು ಜಾಗ ಕೊಟ್ಟ. ಮುರಗೆಪ್ಪ ಅವನನ್ನು ನೂಕಿದ. ಬಿದಿರಿನ ಗಳವನ್ನು ಬೆನ್ನಿಗೆ ಒತ್ತಿ, ಗುಳ್ಳೆ ನಿಲ್ಲುವ ತನಕ ಹಿಡಿದ. ಆಮೇಲೆ ಹೊಂಡದ ಗುಡಿಸಲಿನಿಂದ ಬುಟ್ಟಿ ತುಂಬಿ ತಂದು ಫೀಡು ಎರಚಿ, ಬುಟ್ಟಿಯನ್ನೂ ನೀರಿಗೆ ಬಿಟ್ಟ. ಮೀನುಗಳು ಎಂದಿಗಿಂತ ಜೋರಾಗಿ ಮುಗಿಬಿದ್ದವು. ಅಲ್ಲಿಂದ ಮುರಗೆಪ್ಪ ನೆಟ್ಟಗೆ ಐನಾಪುರಕ್ಕೆ ಹೋಗಿ ಔಷಧದ ಅಂಗಡಿಯಲ್ಲಿ ಕೂತ.

ಮಧ್ಯಾಹ್ನ ಚಹಾ ತಂದ ಗಂಗಾರಾಮನ ಹೆಂಡತಿ ಅನುಸೂಯಾ ಹೆಣ ಕಂಡಳು. ಸುದ್ದಿ ತಿಳಿದು ಮುರಗೆಪ್ಪ ಐನಾಪುರದಿಂದ ಓಡೋಡಿ ಬಂದ. ಮಂದಿಯೆಲ್ಲ ಕಾಲು ಜಾರಿತೆಂದೇ ಮಾತಾಡುತ್ತಿದ್ದರು. ಅಷ್ಟಕ್ಕೆ ಸುಮ್ಮನಿರದೆ ಅವನು ಪಂಚನಾಮೆಗೆ ಬಂದ ಪೊಲೀಸ್ ಫೌಜದಾರರ ಮುಂದೆ ನಿಂತ.

“ಮುಂಜಾನೆ ನಾ ಹೋಗುಮುಂದ ಮೀನಿಗೆ ಫೀಡ್ ಹಾಕಾಕತ್ತಿದ್ದ್ರಿ. ದಿನಾ ಹಾಕ್ತಾನಲ್ಲ, ಹಂಗ. ನನಗ ಕೈ ಮಾಡಿದ.”

ಅಳು ಬತ್ತಿ ಕೂತಿದ್ದ ಅನುಸೂಯಾ ತಲೆ ಎತ್ತಿದಳು. “ಇವತ್ತ ಸೋಮವಾರ ಐತ್ರಿ ಸಾಹೇಬ್ರ. ವಾರದಾಗ ಒಂದಿನ ಹೊಟ್ಟಿ ಖಾಲಿ ಬಿಟ್ರ ಮೀನಿಗೆ ರೋಗ ಬರೂದಿಲ್ಲ, ನೀರೂ ಚಲೋ ಇರತೈತಿ ಅಂತ ಟ್ರೇನಿಂಗ್‌ನ್ಯಾಗ ಹೇಳಿದ್ರು. ಸೋಮವಾರ ಇವರದೂ ಉಪಾಸ, ಮೀನಿಂದೂ ಉಪಾಸ. ಒಂದ ಕಾಳೂ ಹಾಕೂದಿಲ್ರಿ.” ಫೌಜದಾರರು ಬರೆಯುವುದನ್ನು ನಿಲ್ಲಿಸಿ ಮುರಗೆಪ್ಪನ ಮುಖ ನೋಡಿದರು. ವಾರದ ಉಳಿದೆಲ್ಲ ದಿನ ಅವನು ಶೆಡ್ಡಿನಲ್ಲಿ ಕೂತು ನೋಡಿದ್ದ. ಸೋಮವಾರ ಮಾತ್ರ ಎಂದೂ ತೋಟದಲ್ಲಿ ಇದ್ದವನಲ್ಲ.