ನೀರಿನ ಕಡೆಯ ಕಿಟಕಿ

ಏಣಿ ಅಲ್ಲಾಡಿತು!

ನಾನು ಅದರ ತುದಿಯಲ್ಲಿದ್ದೆ. ಒಂದು ಕೈ ಶಾಲೆಯ ಕಿಟಕಿಯ ಚೌಕಟ್ಟಿನ ಮೇಲೆ. ಇನ್ನೊಂದು ಕೈಯಲ್ಲಿ ಉಮ್ ಗಾಬಿರ್ ಮುದುಕಿಯ ರಟ್ಟೆ. ಅವಳು ಅರ್ಧ ಕಿಟಕಿಯ ಒಳಗೆ, ಅರ್ಧ ಹೊರಗೆ.

ಕೆಳಗೆ ನೋಡಿದೆ.

ಹನಫಿ!

ಕುತ್ತಿಗೆಯೇ ಇಲ್ಲದ ಮನುಷ್ಯ. ಭುಜದ ಮೇಲೆ ನೇರವಾಗಿ ತಲೆ ತಂದಿಟ್ಟ ಹಾಗಿದ್ದ. ಬಸ್ಯೂನಿ ಬೇ ಸಾಹೇಬನ ಗೂಂಡಾಗಳಿಗೆಲ್ಲ ಲೀಡರ್. ಎರಡು ಕೈಯಲ್ಲೂ ಏಣಿ ಹಿಡಿದು, ಮಾವಿನ ಮರ ಅಲ್ಲಾಡಿಸುವವನಂತೆ ಅಲ್ಲಾಡಿಸುತ್ತಿದ್ದ.

"ಇಳಿಯೋ ಶಿಹಾತಾ! ನೀನಾಗೇ ಇಳಿದ್ರೆ ಕಾಲು ಮಾತ್ರ ಮುರೀತೀನಿ!"

"ಇಳೀದಿದ್ರೆ?"

"ಬೀಳ್ತೀಯ. ಆಗ ಏನೇನು ಮುರಿಯುತ್ತೋ ನಂಗೊತ್ತಿಲ್ಲ!"

ನ್ಯಾಯವಾದ ಮಾತೇ.

ಮುದುಕಿ ಕಿರುಚಿದಳು. "ಲೋ, ನನ್ನ ಮೊದಲು ಒಳಗೆ ದೂಡೋ! ನಾನು ಓಟು ಹಾಕೋವರೆಗೆ ಬೀಳಬೇಡ... ಆಮೇಲೆ ನಿನ್ನಿಷ್ಟ!"

ದೂಡಿದೆ. ಅವಳು ಒಳಗೆ ಬಿದ್ದಳು.

ನಾನು ಹೊರಗೆ ಬಿದ್ದೆ... ಹನಫಿಯ ಮೇಲೆಯೇ!

ಇಬ್ಬರೂ ಉರುಳಿ ದಡದ ಕೆಸರಿಗೆ ಹೋದೆವು. ನನ್ನ ಪಕ್ಕೆಯಲ್ಲಿ ಏನೋ ಲಟಕ್ಕೆಂದಿತು. ಅವನು ಏಳುವಷ್ಟರಲ್ಲಿ ಯಾರದೋ ಹುಟ್ಟು ಅವನ ಬೆನ್ನಿಗೆ ಬಿತ್ತು. ಇನ್ನೊಂದು. ಮತ್ತೊಂದು. ಮೀನುಗಾರರು ಬೋಟ್‌ಗಳಿಂದ ಇಳಿದು ಬಂದಿದ್ದರು. ಹನಫಿ ಅಂಬೆಗಾಲಿಕ್ಕುತ್ತ ಗೋಡೆಯ ಮೂಲೆಯಲ್ಲಿ ಮಾಯವಾದ.

ನಿಲ್ಲಿ, ಮೊದಲಿನಿಂದ ಹೇಳುತ್ತೇನೆ.

ನಮ್ಮೂರು ಇಝ್ಬತ್ ಅಲ್-ಬೂರಿ. ಮನ್ಝಲಾ ಸರೋವರದ ದಡ. ಇಲ್ಲಿ ಪಕ್ಷ ಅಂದರೆ ಒಂದೇ. 'ಯಾವ ಪಕ್ಷ' ಎಂದು ಯಾರೂ ಕೇಳುವುದಿಲ್ಲ. ಪಕ್ಷದ ಎಂಪಿ ಬಸ್ಯೂನಿ ಬೇ. ನನಗೆ ಮೀಸೆ ಬರುವ ಮೊದಲಿನಿಂದ ಅವನೇ! ಅವನು ಅರ್ಧ ಸರೋವರಕ್ಕೆ ಜೊಂಡು, ಕಂಬ, ಬಲೆಗಳ ಬೇಲಿ ಹಾಕಿಕೊಂಡಿದ್ದ. ಒಳಗಿನ ಮೀನೆಲ್ಲ ಅವನದು. ಬೇಲಿ ದಾಟಿದವನ ಬಲೆ ಹರಿಯುತ್ತಿದ್ದರು. ಉಮ್ ಗಾಬಿರ್‌ಳ ಮಗ ಗಾಬಿರ್ ದಾಟಿದ. ಅವನ ಬೋಟನ್ನೇ ಸುಟ್ಟರು.

ಆ ಚುನಾವಣೆಯಲ್ಲಿ ಬೇ ಎದುರು, ಹಜ್ ಮಾಡಿ ಬಂದ ಹಾಜ್ಜಾ ಇನ್ಶಿರಾ ನಿಂತಳು. ಪಕ್ಷೇತರಳಾಗಿ. ಮೀನು ಮಾರ್ಕೆಟ್ಟಿನ ದೊಡ್ಡ ವ್ಯಾಪಾರಿ. ಹರಾಜಿನಲ್ಲಿ ಅವಳ ಜೊತೆ ವಾದಕ್ಕೆ ಹೋದ ಗಂಡಸರು ಬೇಡದ ಮೀನು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದರು.

ಅವಳೇ ನನ್ನನ್ನು ಕರೆಸಿದಳು. ನಾನು ಹಿಂದೆ ಪೊಲೀಸ್ ಹವಾಲ್ದಾರ. ಈಗ... ಮಗ ಲಾಕಪ್ಪಿನಲ್ಲಿದ್ದರೆ, ಸೊಸೆ ಮುನಿಸಿಕೊಂಡು ತವರಿಗೆ ಹೋದರೆ, ಜನ ನನ್ನ ಬಾಗಿಲು ತಟ್ಟುತ್ತಾರೆ.

"ಬೇಲಿಯಿಂದ ಹೊಟ್ಟೆಗಿಲ್ಲದವರ ಓಟೆಲ್ಲ ದಡದ ಶಾಲೆಯಲ್ಲಿದೆ," ಎಂದಳು. "ಓಟಿನ ದಿನ ಅದರ ಬಾಗಿಲು ಮುಚ್ತಾರೆ."

"ಈ ಸಲ ಬೂತಿಗೊಬ್ಬ ಜಡ್ಜ್ ಇರ್ತಾರಲ್ಲ ಹಾಜ್ಜಾ?"

"ಜಡ್ಜ್ ಇರೋದು ಒಳಗೆ. ಬಾಗಿಲಿರೋದು ಪೊಲೀಸರ ಕೈಲಿ. ನನ್ನ ಜನ ಒಳಗೆ ಹೋಗ್ಬೇಕು ಶಿಹಾತಾ. ಹೇಗೆ ಅನ್ನೋದು ನಿನ್ನ ತಲೆನೋವು."

ಅವಳು ಹೇಳಿದಂತೆಯೇ ಆಯಿತು. ಬೆಳಿಗ್ಗೆ ಹೋದರೆ ಶಾಲೆಯ ಮುಂದೆ ಹೆಲ್ಮೆಟ್ಟುಗಳ ಗೋಡೆ! ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಮೇಜರ್ ವಾಇಲ್. ಮೋಡ ಕವಿದಿತ್ತು. ಅವನು ಮಾತ್ರ ಕಪ್ಪು ಕನ್ನಡಕ ಹಾಕಿದ್ದ.

"ಪಾಷಾ ಸಾಹೇಬ್ರೇ, ಓಟು ಹಾಕ್ಬೇಕಿತ್ತು."

"ಹಾಕಪ್ಪಾ! ಬೇಡ ಅಂದೋರು ಯಾರು?"

"ಬಾಗಿಲು..."

"ರಿಪೇರಿ ನಡೀತಿದೆ. ನಾಳೆ ಬಾ."

ಶಾಲೆಯ ಹಿಂಭಾಗ ನೀರಿನ ಕಡೆಗಿದೆ. ಅಲ್ಲಿ ಹೆಲ್ಮೆಟ್ಟುಗಳಿರಲಿಲ್ಲ. ಮಹಡಿಯ ಮೇಲೊಂದು ಕಿಟಕಿ ಇತ್ತು. ಬೋಟ್ ಕಟ್ಟುವ ಬಡಗಿಗಳ ಹತ್ತಿರ ಉದ್ದದ ಏಣಿಗಳಿದ್ದವು.

ಮೊದಲು ಹೆಂಗಸರೇ ಹತ್ತಿದರು. ಗಂಡಸರು ಇನ್ನೂ ಯೋಚಿಸುತ್ತಿದ್ದರು!

ಒಳಗೆ ಜಡ್ಜ್ ಸಾಹೇಬರು ಬೆಳಗಿನಿಂದ ಖಾಲಿ ಪೆಟ್ಟಿಗೆಯ ಮುಖ ನೋಡುತ್ತ ಕೂತಿದ್ದರು. ಸಣಕಲು ಮೈ, ದೊಡ್ಡ ಕಿವಿ. ಕಿಟಕಿಯಿಂದ ಮೊದಲ ಹೆಂಗಸು ಧುಮುಕಿದಾಗ ಗಾಬರಿಯಿಂದ ಎದ್ದು ನಿಂತರು.

"ಏನಮ್ಮಾ ಇದು?"

"ಓಟು, ಸಾಹೇಬ್ರೇ."

ಅವರು ಕಿಟಕಿ ನೋಡಿದರು. ಅವಳನ್ನು ನೋಡಿದರು. ಏಣಿಯ ತುದಿಯಲ್ಲಿದ್ದ ನನ್ನನ್ನೂ ನೋಡಿದರು.

"ಕಿಟಕಿಯಿಂದ ಬರಬಾರದು ಅಂತ ಕಾನೂನಲ್ಲಿ ಎಲ್ಲೂ ಬರೆದಿಲ್ಲ," ಎಂದರು. "ಸಾಲಾಗಿ ಬನ್ನಿ."

ಮಧ್ಯಾಹ್ನದವರೆಗೆ ಬಂದರು. ಆಗಲೇ ಹನಫಿ ಏಣಿಗೆ ಕೈ ಹಾಕಿದ್ದು, ನಾನು ಅವನ ಮೇಲೆ ಬಿದ್ದದ್ದು.

ಅವನು ಓಡಿದ ಮೇಲೆ ಏಣಿಯನ್ನು ಮತ್ತೆ ನಿಲ್ಲಿಸಿದೆವು. ಕಿಟಕಿಯಲ್ಲಿ ಉಮ್ ಗಾಬಿರ್ ಕಾಣಿಸಿಕೊಂಡಳು. ಶಾಯಿ ಹಚ್ಚಿದ ಬೆರಳು ಮೇಲೆತ್ತಿದಳು.

"ಹಾಕ್ಬಿಟ್ಟೆ ಕಣ್ರೋ! ಗಾಬಿರ್‌ನ ಬೋಟಿಗೂ ಸೇರಿಸಿ ಹಾಕ್ಬಿಟ್ಟೆ!"

ಢಂ!

ಗೋಡೆಯ ಮೂಲೆಯಿಂದ ಪೊಲೀಸರು ಹೊಡೆದ ಅಶ್ರುವಾಯುವಿನ ಹೊಗೆ ಬಂತು. ಜೊತೆಗೆ ರಬ್ಬರ್ ಗುಂಡುಗಳು. ಒಂದು ಅವಳ ಕಣ್ಣಿಗೇ ಬಡಿಯಿತು.

ಅವಳು ಕಿಟಕಿಯ ಮೇಲೆ ಒಣಹಾಕಿದ ಬಟ್ಟೆಯಂತೆ ಬಾಗಿದಳು. ನಾನು ಹತ್ತಿ ಅವಳನ್ನು ಹೆಗಲ ಮೇಲೆ ಇಳಿಸಿಕೊಂಡೆ. ನನ್ನ ಪಕ್ಕೆ ಉರಿಯುತ್ತಿತ್ತು. ಅವಳ ರಕ್ತ ನನ್ನ ಕತ್ತಿನಲ್ಲಿ ಇಳಿಯುತ್ತಿತ್ತು. ಗಾಬಿರ್ ಅವಳನ್ನು ಯಾರದೋ ಬೋಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟ.

ಇಷ್ಟಾದ ಮೇಲೆ ಜನ ಚದುರುತ್ತಾರೆ ಅಂದುಕೊಂಡೆ.

ಇಲ್ಲ! ಮೂಗಿಗೆ ಈರುಳ್ಳಿ ಹಿಡಿದುಕೊಂಡು ಹತ್ತಿದರು. ಈಗ ಗಂಡಸರೂ ಹತ್ತಿದರು!

ಕತ್ತಲಾಗುವ ಹೊತ್ತಿಗೆ ಮತದಾನ ಮುಗಿಯಿತು. ಜಡ್ಜ್ ಪೆಟ್ಟಿಗೆಗೆ ಸೀಲು ಹಾಕಿದರು. ಎಣಿಕೆ ಸರೋವರದ ಆಚೆಯ ಪಟ್ಟಣದಲ್ಲಿ. ಆಗ ಮೇಜರ್ ವಾಇಲ್ ಮೆಟ್ಟಿಲು ಹತ್ತಿ ಬಂದ. ಅಂತೂ ಬಾಗಿಲು ರಿಪೇರಿಯಾಗಿತ್ತು!

"ವ್ಯಾನ್ ಕೆಟ್ಟಿದೆ ಸರ್. ಪೆಟ್ಟಿಗೆ ಇಲ್ಲೇ ಇರಲಿ. ನಾವು ಕಾಯ್ತೀವಿ. ತಾವು ಊಟ ಮಾಡಿ ಮಲಗಿ."

ಜಡ್ಜ್ ಮುಖ ಬಿಳಿಚಿಕೊಂಡಿತು. ಪೆಟ್ಟಿಗೆಯ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

"ಬೇರೆ ವ್ಯಾನ್ ತರಿಸಿ."

"ನೋಡ್ತೀನಿ ಸರ್. ತಡವಾಗುತ್ತೆ," ಎಂದು ನಗುತ್ತ ಕೆಳಗಿಳಿದ.

ನಾನು ಕಿಟಕಿಯಿಂದ ತಲೆ ಹಾಕಿದೆ.

"ಸಾಹೇಬ್ರೇ... ಬೋಟಿಗೆ ಬರ್ತೀರಾ?"

"ನನಗೆ ಈಜೋಕೆ ಬರಲ್ಲ!"

"ನಾನು ಕೇಳಿದ್ದು ಅದಲ್ಲ!"

ಅವರು ಒಂದು ಸಲ ಬಾಗಿಲ ಕಡೆ ನೋಡಿದರು. ಬಗ್ಗಿ ಬೂಟು ಬಿಚ್ಚಿದರು!

ಪೆಟ್ಟಿಗೆಯನ್ನು ಹಗ್ಗ ಕಟ್ಟಿ ಇಳಿಸಿದೆ. ಜಡ್ಜ್ ಕಣ್ಣು ಮುಚ್ಚಿಕೊಂಡು ಏಣಿ ಇಳಿದರು. ನಾನು ನನ್ನ ಬೋಟಿನ ಇಂಜಿನ್ ಎಳೆದೆ. ಬೋಟ್ ಹಾರಿತು.

ಸ್ವಲ್ಪ ದೂರ ಹೋಗಿದ್ದೆವು. ಹಿಂದೆ ಬೆಳಕು! ಬೇ ಸಾಹೇಬನ ಸ್ಪೀಡ್ ಬೋಟ್. ಮುಂದೆ ನಿಂತವನಿಗೆ ಕುತ್ತಿಗೆ ಇರಲಿಲ್ಲ.

"ನಿಲ್ಲಿಸೋ ಶಿಹಾತಾ! ಪೆಟ್ಟಿಗೆ ಕೊಟ್ಟು ಹೋಗೋ!"

ಗುಂಡು ಹಾರಿತು. ಪಕ್ಕದ ನೀರು ಚಿಮ್ಮಿತು. ಈ ಸಲ ರಬ್ಬರಿನದಲ್ಲ.

"ಇನ್ನೂ ಜೋರಾಗಿ ಹೋಗಲ್ವೇನಯ್ಯಾ ಇದು?" ಜಡ್ಜ್ ಪೆಟ್ಟಿಗೆಯನ್ನು ತಬ್ಬಿ ಬೋಟಿನ ತಳದಲ್ಲಿ ಮಲಗಿದ್ದರು.

"ಮೀನಿನ ಬೋಟು ಸಾಹೇಬ್ರೇ. ಮೀನಿಗೆ ಅವಸರ ಇರಲ್ಲ!"

ಅವರ ಇಂಜಿನ್ ನನ್ನದಕ್ಕಿಂತ ಬಲು ದೊಡ್ಡದು. ನೇರ ಹೋದರೆ ಸಿಕ್ಕಿಬಿಡುತ್ತೇವೆ. ಎಡಕ್ಕೆ ತಿರುಗಿಸಿದೆ... ಬೇಲಿಯ ಕಡೆಗೆ!

ಜೊಂಡಿನ ಗೋಡೆ ಕಪ್ಪಗೆ ಎದುರಿಗೆ ಬಂತು. ಅದರಲ್ಲಿ ಒಂದು ಕಡೆ ತಗ್ಗಿದೆ. ಕದ್ದು ಮೀನು ಹಿಡಿಯುವವರು ತುಳಿದು ತುಳಿದು ಮಾಡಿದ ಜಾಗ. ಜೊಂಡಿಗೆ ತಾಗುವ ಕ್ಷಣದಲ್ಲಿ ಇಂಜಿನ್ನನ್ನು ನೀರಿನಿಂದ ಮೇಲೆತ್ತಿಬಿಟ್ಟೆ. ಬೋಟಿನ ಹೊಟ್ಟೆ ಬಲೆಯ ಮೇಲೆ ಸರ್ರನೆ ಜಾರಿತು. ಜಡ್ಜ್ ದೇವರನ್ನು ನೆನೆದರು.

ದಾಟಿದೆವು!

ಹನಫಿ ಅದೇ ತಗ್ಗಿಗೆ ಬಂದ. ಇಂಜಿನ್ ಎತ್ತಬೇಕೆಂದು ಅವನಿಗೆ ಯಾರು ಹೇಳಬೇಕು? ಯಜಮಾನನ ಬಲೆ ಇಂಜಿನ್ನಿನ ಫ್ಯಾನಿಗೆ ಗಿರಗಿರನೆ ಸುತ್ತಿಕೊಂಡಿತು. ಸ್ಪೀಡ್ ಬೋಟ್ ಕೆಮ್ಮಿತು. ನಿಂತೇ ಹೋಯಿತು.

"ನಿನ್ ಮನೆ ಹಾಳಾಗ ಶಿಹಾತಾ!"

ಅವನ ದನಿ ಸರೋವರದ ಮೇಲೆ ಬಹಳ ಹೊತ್ತು ಕೇಳಿಸುತ್ತಿತ್ತು.

ಎಣಿಕೆಯಾಯಿತು. ಜಡ್ಜ್ ಬರಿಗಾಲಲ್ಲೇ ನಿಂತು ನಮ್ಮ ಬೂತಿನ ಲೆಕ್ಕ ಓದಿದರು. ಆ ಪೆಟ್ಟಿಗೆಯೇ ತೀರ್ಮಾನಿಸಿತು. ಹಾಜ್ಜಾ ಇನ್ಶಿರಾ ಗೆದ್ದಳು! ಬಸ್ಯೂನಿ ಬೇ ಸೋತ! ಗಂಡಸರು ಅತ್ತರು. ಯಾರೋ ನನ್ನನ್ನು ಅಪ್ಪಿಕೊಂಡರು. ಪಕ್ಕೆ ನೋವಿಗೆ ನಾನೂ ಅತ್ತೆ.

ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಉಮ್ ಗಾಬಿರ್ ತಲೆಗೆಲ್ಲ ಬ್ಯಾಂಡೇಜು. ಆ ಕಣ್ಣು ಹೋಗಿತ್ತು. ಇನ್ನೊಂದು ಕಣ್ಣು ವಾರ್ಡಿನ ಟೀವಿಯ ಮೇಲಿತ್ತು.

ಟೀವಿಯಲ್ಲಿ ಹಾಜ್ಜಾ ಇನ್ಶಿರಾ. ಪಕ್ಕದಲ್ಲಿ ಗವರ್ನರ್. ಅವಳ ಎದೆಯ ಮೇಲೆ ಪಕ್ಷದ ಬ್ಯಾಡ್ಜು!

"ಪಕ್ಷೇತರ ಸದಸ್ಯೆ ಪಕ್ಷ ಸೇರ್ಪಡೆ..." ಎನ್ನುತ್ತಿದ್ದ ವಾರ್ತೆಯವನು.



ಮಾರ್ಕೆಟ್ಟಿಗೆ ಓಡಿದೆ. ಅವಳ ಅಂಗಡಿಯ ಬಾಗಿಲಲ್ಲಿ ಮೇಜರ್ ವಾಇಲ್ ಸೆಲ್ಯೂಟ್ ಹೊಡೆಯುತ್ತಿದ್ದ. ಒಳಗೆ ಹನಫಿ ಕೂತು ಟೀ ಕುಡಿಯುತ್ತಿದ್ದ!

"ಬಾ ತಮ್ಮಾ," ಎಂದ. "ಪಕ್ಕೆ ಹೇಗಿದೆ?"

ಅವನನ್ನು ದಾಟಿ ಅವಳ ಮುಂದೆ ನಿಂತೆ. "ಹಾಜ್ಜಾ, ಆ ಮುದುಕಿಯ ಕಣ್ಣು ಹೋಯ್ತು!"

"ಗೊತ್ತು. ರಾತ್ರಿಯೇ ಹೋಗಿ ನೋಡ್ಕೊಂಡು ಬಂದೆ." ಅವಳ ಕಣ್ಣೂ ಕೆಂಪಾಗಿತ್ತು. "ಕೂತ್ಕೋ."

"ಕೂರಲ್ಲ! ಯಾಕೆ ಸೇರಿದ್ರಿ?"

"ಪಾರ್ಲಿಮೆಂಟಲ್ಲಿ ಇರೋರೆಲ್ಲ ಆ ಪಕ್ಷದೋರೇ ಶಿಹಾತಾ. ನಾನೊಬ್ಳು ಆಚೆ ಕೂತು ಕಿರುಚಿದ್ರೆ ಮೈಕ್ ಆಫ್ ಮಾಡ್ತಾರೆ. ಸೇರ್ತೀನಿ, ಬೇಲಿ ಕೀಳಿಸಿ ಅಂದೆ. ಗವರ್ನರ್ ಒಪ್ಪಿದ್ರು. ಶನಿವಾರ ಕೀಳ್ತಾರೆ. ನೀನಾಗಿದ್ರೆ ಏನು ಮಾಡ್ತಿದ್ದೆ?"

ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಕೋಪ ಇನ್ನೂ ಹೆಚ್ಚಾಯಿತು. ಬಾಗಿಲು ಒದ್ದು ಹೊರಬಂದೆ.

ಶನಿವಾರ ನಿಜವಾಗಿಯೂ ಕಿತ್ತರು! ಕ್ರೇನ್ ಬಂತು. ಕಂಬಗಳು ಹಲ್ಲು ಕಿತ್ತಂತೆ ಒಂದೊಂದೇ ಎದ್ದವು. ಬೋಟ್‌ಗಳೆಲ್ಲ ಕೂಗುತ್ತ ನುಗ್ಗಿದವು. ಮುಂದಿನ ಬೋಟಿನಲ್ಲಿ ಉಮ್ ಗಾಬಿರ್, ಬ್ಯಾಂಡೇಜಿನಲ್ಲೇ ಬಲೆ ಬಿಡುತ್ತಿದ್ದಳು.

ಪಕ್ಕಕ್ಕೆ ಹೋಗಿ ಕೇಳಿದೆ. "ನಿಂಗೆ ಸಿಟ್ಟು ಬರಲ್ವಾ?"

"ಬರುತ್ತೆ ಕಣೋ," ಎಂದಳು. "ಈಗ ಪುರುಸೊತ್ತಿಲ್ಲ. ಹಗ್ಗ ಹಿಡಿ!"

ಹಿಡಿದೆ. ಆದರೆ ಆ ಚಳಿಗಾಲವಿಡೀ ನನಗೆ ಒಂದು ಕಡೆ ಕೂರಲಾಗಲಿಲ್ಲ. ಕಾಫಿ ಹೌಸಿನಲ್ಲಿ ಕುರ್ಚಿ ಬದಲಾಯಿಸುತ್ತಿದ್ದೆ. ಮನೆಯಲ್ಲಿ ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದೆ. ನಾವು ಗೆದ್ದಿದ್ದೆವೋ, ಸೋತಿದ್ದೆವೋ? ಯಾರನ್ನು ಕೇಳುವುದು?

ಮುನಿಸಿಪಾಲಿಟಿ ಚುನಾವಣೆ ಬಂತು. ಹಾಜ್ಜಾ ಹೇಳಿಕಳಿಸಿದಳು. ಹೋದೆ. ಹನಫಿ ಪಕ್ಷದ ಅಭ್ಯರ್ಥಿ! ಹೊಸ ಕೋಟು ಹಾಕಿದ್ದ. ಅದರ ಕಾಲರಿಗೂ ಕೂರಲು ಜಾಗ ಸಿಕ್ಕಿರಲಿಲ್ಲ.

"ಎದುರಿಗೆ ಯಾರೂ ನಿಲ್ತಿಲ್ಲ," ಎಂದಳು ಹಾಜ್ಜಾ. "ನೋಡೋಕೆ ಚೆನ್ನಾಗಿರಲ್ಲ ಅಂತ ಗವರ್ನರ್ ಅಂತಿದ್ದಾರೆ. ನೀನು ನಿಲ್ತೀಯಾ?"

"ಸೋಲೋಕಾ?"

"ಮತ್ತೆ?"

"ಗೆದ್ದುಬಿಟ್ರೆ?"

ಅಂಗಡಿಯೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಹನಫಿ. ಹಾಜ್ಜಾ ಮಾತ್ರ ನಗಲಿಲ್ಲ. ನನ್ನ ಮುಂದೆ ಟೀ ಗ್ಲಾಸು ಸರಿಸಿದಳು.

"ಗೆದ್ರೆ ಏನಂತೆ... ನೀನೂ ನಮ್ಮವನೇ ಆಗ್ತೀಯ!"

ಟೀ ಮುಟ್ಟದೆ ಎದ್ದೆ. ಸೀದಾ ಹೋಗಿ ನಾಮಪತ್ರ ಹಾಕಿದೆ.

ಗೆದ್ದರೆ ನಾನೂ ಅವರವನೇ ಆಗಿಬಿಡುತ್ತೇನೋ ಎಂಬ ಭಯಕ್ಕೆ ಈಗ ಸೋಲಲು ಕೈಲಾದದ್ದನ್ನೆಲ್ಲ ಮಾಡುತ್ತಿದ್ದೇನೆ... ಜನ ಬಿಡುತ್ತಿಲ್ಲ!